ಅಡಿಸ್ ಅಬಾಬಾ ಮಹಾನಗರೇ

ನಾಳೆ ಬೆಳಿಗ್ಗೆ ಅಡಿಸ್ ಅಬಾಬಾಕ್ಕೆ ವಿಮಾನ ಹತ್ತಬೇಕು ಎನ್ನುವಾಗ ಅಶ್ವತ್ಥನಾರಾಯಣನ ನಿತ್ಯ ಪಾರಾಯಣದಲ್ಲಿ ಮಳೆಯ ಭಾಗ ಬಂದುಬಿಟ್ಟಿತು. ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಮಳೆ ಬರಲೆಂದು ದೇವಸ್ಥಾನದಲ್ಲಿ ರಾಗವಾಗಿ ಓದಿಸುತ್ತಿದ್ದ ಭಾಗ ಅದು. ಕೇಳಲು ಹೋಗುವವರು ಕೊಡೆ ಹಿಡಿದೇ ಹೋಗುತ್ತಿದ್ದರು. ನ್ಯೂಜೆರ್ಸಿಯ ಮಾರಿಸ್‌ಟೌನಿಗೆ ಬಂದ ಮೇಲೂ ಅವನು ದಿನಕ್ಕೆ ಇಪ್ಪತ್ತು ಪದ್ಯ ತಪ್ಪಿಸಿದವನಲ್ಲ. ಬೆರಳು ಮಡಿಸಿ ನೋಡಿದ. ಮಳೆಯ ಭಾಗ ಹನ್ನೆರಡು ದಿನ. ಪ್ರಯಾಣವೂ ಹನ್ನೆರಡು ದಿನ.

"ಹಾರಿಸಿಬಿಡಿ," ಎಂದಳು ರಮಾಮಣಿ, ಅವನ ಅಂಗಿ ಮಡಿಸುತ್ತ.

"ಹಾರಿಸೋಕೆ ಅದೇನು ಪೇಪರಿನ ಅಡ್ವರ್ಟೈಸ್‌ಮೆಂಟೇನೇ? ಕ್ರಮ ತಪ್ಪಬಾರದು."

"ಹಾಗಾದ್ರೆ ಅಲ್ಲೇ ಓದಿ. ಬಂದ್ರೆ ಬರಲಿ ಮಳೆ."

"ಸೇತುವೆಯ ಪಾಯ ನೋಡಿ ಬಾ ಅಂತ ಕಂಪನಿ ಕಳಿಸ್ತಿದೆ ಕಣೇ. ಗುಂಡಿ ತುಂಬ ನೀರು ನಿಂತ್ರೆ ಏನು ನೋಡ್ಲಿ? ಮೊದಲನೇ ಟ್ರಿಪ್ಪು. ಏನೂ ನೋಡದೆ ಬಂದ್ರೆ ಇನ್ನೊಂದ್ಸಲ ನನ್ನನ್ನ ಕಳಿಸ್ತಾರಾ?"

ಕೊನೆಗೆ ಅವನಿಗೇ ಉಪಾಯ ಹೊಳೆಯಿತು. ಹನ್ನೆರಡು ದಿನದ ಪದ್ಯವನ್ನೂ ಇವತ್ತೇ ಇಲ್ಲೇ ಓದಿ ಮುಗಿಸುವುದು. ಮಳೆ ಬೇಕಾದರೆ ನ್ಯೂಜೆರ್ಸಿಗೆ ಬರಲಿ. "ಮುಂದಿನ ಭಾಗದಲ್ಲಿ ಬರೀ ಸಂಧಾನ, ಮಾತುಕತೆ. ಅದರಿಂದ ಯಾರೂ ನೆನೆಯೋದಿಲ್ಲ," ಎನ್ನುತ್ತ ಸ್ನಾನಕ್ಕೆ ಹೋದ. ಕೇಳುವವರಿಲ್ಲದೆ ಓದಬಾರದು ಎಂದು ರಮಾಮಣಿ ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ಎದುರಿಗೆ ಕೂತಳು. ಅವನು ಕಣ್ಣು ಮುಚ್ಚಿ ಸಂಕಲ್ಪವನ್ನು ಗುನುಗುನು ಹೇಳಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

ಮಧ್ಯಾಹ್ನ ಹಿಲ್ಸ್‌ಬರೋದಿಂದ ಗೆಳೆಯ ಬದರೀನಾಥನ ಫೋನು ಬಂತು. ಮರುದಿನದ ಕನ್ನಡದವರ ಪಿಕ್ನಿಕ್ ಅವನ ಉಸ್ತುವಾರಿ.

"ಅತ್ತಿಗೇ, ನಾಳೆ ಪುಳಿಯೋಗರೆ ನಿಮ್ಮದೇ ತಾನೆ? ಅದೇನದು ಹಿಂದುಗಡೆ ರಾಗ? ಅಯ್ಯೋ, ಅದು ಮಳೆ ಓದೋದಲ್ವಾ! ನೂರು ಜನ ಬರ್ತಿದಾರೆ, ನಿಲ್ಸಿ ಅನ್ನಿ ಅವನಿಗೆ!"

"ಈ ದೇಶದಲ್ಲಿ ಅದಕ್ಕೆಲ್ಲ ಮಳೆ ಬರಲ್ಲ ಬದರಿ," ಎಂದು ರಮಾಮಣಿ ಫೋನಿಟ್ಟಳು. ಆದರೂ ಕಿಟಕಿಯ ಹತ್ತಿರ ಹೋಗಿ ಒಮ್ಮೆ ಆಕಾಶ ನೋಡಿ ಬಂದಳು.

ಸಂಜೆ ಐದಕ್ಕೆ ಪುಸ್ತಕ ಮುಚ್ಚಿದಾಗ ಅಶ್ವತ್ಥನಾರಾಯಣನಿಗೆ ಸ್ವರವೇ ಇರಲಿಲ್ಲ. ಸೂಟ್‌ಕೇಸಿನಿಂದ ಕೊಡೆ ತೆಗೆದು ಹೆಂಡತಿಯ ಕೈಗೆ ಕೊಟ್ಟು, "ಪಿಕ್ನಿಕ್‌ಗೆ ನಿನಗೇ ಬೇಕಾಗುತ್ತೆ," ಎಂದು ಪಿಸುಗುಟ್ಟಿದ.

ಹದಿಮೂರನೇ ದಿನ ಬದರೀನಾಥ ಕಾರಿನಲ್ಲಿ ರಮಾಮಣಿಯನ್ನು ಕೂರಿಸಿಕೊಂಡು ಕೆನಡಿ ವಿಮಾನ ನಿಲ್ದಾಣಕ್ಕೆ ಹೋದ. ಅಶ್ವತ್ಥನಾರಾಯಣ ಒದ್ದೆ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು, ಯಾರೋ ಕೊಟ್ಟ ರಬ್ಬರ್ ಚಪ್ಪಲಿಯಲ್ಲಿ ಸೀನುತ್ತ ಹೊರಗೆ ಬಂದ.

"ಪಿಕ್ನಿಕ್ ಹಾಳಾಯ್ತಾ?" ಎಂಬುದೇ ಅವನ ಮೊದಲ ಮಾತು.

"ಒಂದು ಹನಿ ಬೀಳಲಿಲ್ಲ. ನನ್ನ ತಲೆ ಸುಟ್ಟು ಸಿಪ್ಪೆ ಏಳ್ತಿದೆ, ನೋಡು," ಎಂದ ಬದರೀನಾಥ.

"ಅಲ್ಲಿ ಹನ್ನೆರಡು ದಿನವೂ ಹುಯ್ತು ಕಣೋ. ಪಾಯದ ಗುಂಡಿಯಲ್ಲಿ ಬಾತುಕೋಳಿ ಈಜ್ತಿದ್ವು. ಹೋಟೆಲಿನವನು ನಗ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವರ್ಷವೂ ಹೀಗೇ ಅಂತೆ."

"ಮಳೆಗಾಲದಲ್ಲಿ ಮಳೆ ಬಾರದೆ ಇನ್ನೇನು ಬರುತ್ತಪ್ಪ?" ಎಂದು ಬದರೀನಾಥ ಕಾರು ತಿರುಗಿಸಿದ.

ಹಿಂದಿನ ಸೀಟಿನಲ್ಲಿದ್ದ ರಮಾಮಣಿ ಮುಂದಕ್ಕೆ ಬಾಗಿ ಕೇಳಿದಳು: "ಅವತ್ತು ಸಂಕಲ್ಪದಲ್ಲಿ ಯಾವ ಊರು ಹೇಳಿದಿರಿ?"

ಓದುವ ಮುಂಚೆ, ಕೂತಿರುವ ಖಂಡ ಯಾವುದು, ಊರು ಯಾವುದು ಎಂದು ದೇವರಿಗೆ ತಿಳಿಸಬೇಕಲ್ಲ. ಆಫ್ರಿಕಾಕ್ಕೆ ಏನು ಹೇಳಬೇಕೆಂದು ಅವನು ಮೈಸೂರಿನ ಸೋದರಮಾವನಿಗೆ ಕಾಗದ ಬರೆದು ಕೇಳಿದ್ದ. 'ನನಗೂ ತಿಳಿಯದು, ಊರಿನ ಹೆಸರನ್ನೇ ಸ್ಪಷ್ಟವಾಗಿ ಹೇಳು' ಎಂದು ಉತ್ತರ ಬಂದಿತ್ತು. ಅಂದಿನಿಂದ ಒಂದು ವಾರ ಗಡ್ಡ ಹೆರೆಯುವಾಗ, ಹಾಲು ಕಾಯಿಸುವಾಗ ಅದನ್ನೇ ರೂಢಿ ಮಾಡಿಕೊಂಡಿದ್ದ.

ಅಶ್ವತ್ಥನಾರಾಯಣ ಹಣೆಗೆ ಕೈ ಹೊಡೆದುಕೊಂಡ. "ಆಫ್ರಿಕಾಖಂಡೇ, ಅಡಿಸ್ ಅಬಾಬಾ ಮಹಾನಗರೇ... ಅಯ್ಯೋ! ಅದನ್ನೇ ಅಂದುಬಿಟ್ಟೆ ಕಣೇ!"

ಬದರೀನಾಥ ನಕ್ಕ ರಭಸಕ್ಕೆ ಕಾರು ಪಕ್ಕದ ಲೇನಿಗೆ ಹೋಗಿ ಬಂತು. "ಇಂಜಿನಿಯರ್ ಅಂತೆ ಇಂಜಿನಿಯರ್! ಹಾಗೆಲ್ಲ ಮಳೆ ಬರೋ ಹಾಗಿದ್ರೆ ವಾಟರ್ ಡಿಪಾರ್ಟ್‌ಮೆಂಟು ಯಾಕೋ ಬೇಕು?"

"ನಗಬೇಡ. ನಾಳೆ ಬಾಸ್‌ಗೆ ಏನು ಹೇಳ್ಲಿ? ಮಳೆ ತರಿಸಿದವನು ನಾನೇ ಅಂತ ಹೇಳ್ಲಾ?"

"ನಿಮ್ಮ ಬಾಸ್ ನಿನ್ನೆಯೇ ಫೋನ್ ಮಾಡಿದ್ರು," ಎಂದಳು ರಮಾಮಣಿ. "ತುಂಬ ಖುಷಿಯಾಗಿದ್ರು. ಪಾಯದೊಳಗೆ ನೀರು ಯಾವ ಮೂಲೆಯಿಂದ ನುಗ್ಗುತ್ತೆ ಅಂತ ನೀವು ಟೆಲಿಗ್ರಾಂ ಕೊಟ್ಟಿದ್ರಂತಲ್ಲ? ಮುಂಚೆ ಹೋದವರೆಲ್ಲ ಬಿಸಿಲಲ್ಲಿ ನೋಡಿ ಬಂದು ಎಲ್ಲಾ ಸರಿಯಿದೆ ಅಂದಿದ್ರಂತೆ. ಮುಂದಿನ ವರ್ಷವೂ ನಿಮ್ಮನ್ನೇ ಕಳಿಸ್ತಾರಂತೆ, ಮಳೆಗಾಲದಲ್ಲೇ."

ಅಶ್ವತ್ಥನಾರಾಯಣ ಕೈ ಮುಗಿದು ಒಂದು ಸಲ ಸೀನಿದ. ಸೇತುವೆ ದಾಟಿ ನ್ಯೂಜೆರ್ಸಿ ಬಂತು. ರಸ್ತೆಯ ಎರಡೂ ಬದಿಯ ಹುಲ್ಲು ಒಣಗಿ ಹಳದಿಯಾಗಿತ್ತು. ಬದರೀನಾಥ ಕನ್ನಡಿಯಲ್ಲಿ ರಮಾಮಣಿಯನ್ನು ಒಮ್ಮೆ ನೋಡಿ, ದನಿ ತಗ್ಗಿಸಿದ.

"ಲೋ ಅಶ್ವತ್ಥ, ಹಿಲ್ಸ್‌ಬರೋ, ಮನೆ ನಂಬರು ಹದಿನಾಲ್ಕು. ಹಿತ್ತಿಲು ಅಂತಲೇ ಬಿಡಿಸಿ ಹೇಳು. ಮುಂದುಗಡೆ ಬೇಡ, ಕಾರು ಇವತ್ತು ತಾನೇ ತೊಳೆದಿದೀನಿ."