ಆಚೆ ದಡದ ಹಗ್ಗ

"ಈಗ ಕಾಣುತ್ತಾ ಅಜ್ಜೀ?" ಹನ್ನೊಂದನೆಯ ಗಾಜು ಸಿಕ್ಕಿಸಿ ಕೇಳಿದರು ಕನ್ನಡಕದ ಡಾಕ್ಟರು.

"ಇಲ್ಲಪ್ಪ. ಬೇರೆ ಹಾಕು."

ತಿಂಗಳಿಗೊಮ್ಮೆ ಬೆಟ್ಟ ಹತ್ತಿಳಿದು ಈ ಹೊಳೆದಂಡೆಯ ಊರಿಗೆ ಬರುವ ಡಾಕ್ಟರಿಗೆ ತಲೆ ಕೆಟ್ಟುಹೋಯಿತು. ಹೊರಗೆ ಇನ್ನೂ ಎಂಟು ಜನ ಕಾದಿದ್ದರು. "ಗೋಡೆ ಮೇಲಿನ ಚಿತ್ರ ನೋಡು ಅಂದ್ರೆ ಕಿಟಕಿ ಆಚೆ ನೋಡ್ತೀಯಲ್ಲ! ನಿನಗೆ ಕಣ್ಣು ಕೊಡೋಕೆ ಆ ದೇವರೇ ಇಳಿದು ಬರಬೇಕು."

"ಬರಲಿ ಬಿಡು, ಅವನಿಗೂ ಇದೇ ಹೇಳ್ತೀನಿ. ಗೋಡೆ ಕಟ್ಕೊಂಡು ನಂಗೇನು? ಆ ದಡದಲ್ಲಿ ನನ್ನ ತಂಗಿ ಒಬ್ಳೇ ಇದಾಳೆ. ಇಬ್ಬರಿಗೂ ಮಂಡಿ ಹೋಗಿದೆ, ದೋಣಿ ಹತ್ತೋಕಾಗಲ್ಲ. ದಿನಾ ಎದ್ದವಳೇ ಅಂಗಳದ ಹಗ್ಗಕ್ಕೆ ಕೆಂಪು ಹೊದಿಕೆ ಹಾಕ್ತಾಳೆ, ಚೆನ್ನಾಗಿದೀನಿ ಅಂತ. ಮೂರು ದಿನದಿಂದ ಈ ಹಾಳು ಕಣ್ಣಿಗೆ ಅದು ಕಾಣ್ತಿಲ್ಲ."

ಡಾಕ್ಟರು ಸಿಡುಕುತ್ತಲೇ ಕಿಟಕಿಗೆ ಬಗ್ಗಿದರು. "ಮನೆ ಕಾಣುತ್ತಾ?"

"ಹೆಂಚು ಎಣಿಸಿ ಹೇಳ್ಲಾ?"

"ಹಗ್ಗ?"

"ಅದರ ಗಂಟೂ ಕಾಣುತ್ತೆ. ಹೊದಿಕೆ ಮಾತ್ರ ಇಲ್ಲ. ನಿನ್ನ ಗಾಜೇ ಸರಿಯಿಲ್ಲ ಮಗಾ, ಬೇರೆ ಹಾಕು."

ಹೊಳೆಯಾಚೆ, ಒಳ್ಳೆಯ ಬಿಸಿಲಿನಲ್ಲಿ, ಹಗ್ಗ ಬರಿದಾಗಿ ತೂಗುತ್ತಿತ್ತು. ಡಾಕ್ಟರು ಹನ್ನೆರಡನೆಯ ಗಾಜನ್ನು ಕೈಗೆತ್ತಿಕೊಂಡು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸತೊಡಗಿದರು.