ದೀಪ ಹಚ್ಚಿದ ಮೇಲೆ

ಊದುಬತ್ತಿ ಕಾರ್ಖಾನೆ ಹೊತ್ತಿ ಉರಿದ ಮೇಲೆ ಪುಟ್ಟತಾಯಿ ಎರಡು ವರ್ಷ ಬೆಂಕಿಕಡ್ಡಿ ಗೀರಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವವಳು ನಾದಿನಿ. ಹೆಂಗಸರು ಟೀ ಕುಡಿಯಲು ಎದ್ದು ಹೋಗುತ್ತಾರೆಂದು ಅವತ್ತು ಮೇಸ್ತ್ರಿ ಹೊರಗಿನಿಂದ ಬೀಗ ಜಡಿದಿದ್ದ. ಹನ್ನೊಂದು ಜನ ಬಾಗಿಲ ಬುಡದಲ್ಲೇ ಸುಟ್ಟುಹೋದರು. ಇವಳೊಬ್ಬಳನ್ನು ಕಿಟಕಿಯ ಸರಳು ಮುರಿದು ಎಳೆದುಕೊಂಡರು.

ಅಂಥವಳನ್ನು ಅಗ್ನಿ ಸುರಕ್ಷತೆಯ ಸಭೆಯವರು ಕರೆಸಿ, ವೇದಿಕೆ ಹತ್ತಿಸಿ, ಉರಿಯುವ ಮೇಣದಬತ್ತಿ ಕೈಗಿಟ್ಟು ದೀಪ ಹಚ್ಚಿ ಅಂದರು. ಸುಟ್ಟು ಮುದುಡಿದ ಬೆರಳುಗಳಲ್ಲಿ ಅದನ್ನು ಮೈಯಿಂದ ದೂರ ಚಾಚಿ ಹಿಡಿದಳು.

"ನನ್ ಕೈಲಾಗಲ್ಲ ಕಣಮ್ಮಿ," ಅಂದಳು ಪಕ್ಕದಲ್ಲಿದ್ದ ನಾದಿನಿಗೆ.

"ಹಚ್ಬುಡತ್ಗೆ. ನಾಳಿಂದ ಒಲೆ ನಿಂದೇ ಆಯ್ತದೆ, ನಂಗೂ ವಸಿ ಪುರುಸೊತ್ತು ಸಿಕ್ತದೆ."

"ಹಿಂದ್ಗಡೆ ಬಾಗ್ಲು ತೆಗ್ದೈತೇನಮ್ಮಿ?"

"ನಾವು ಬಂದಿದ್ದೇ ಅದ್ರಲ್ಲಿ. ಹಾರು ಹೊಡ್ಕಂಡಿತ್ತು, ನೀನೇ ನೋಡ್ದಲ್ಲ."

ಪುಟ್ಟತಾಯಿ ಉಸಿರು ಬಿಗಿಹಿಡಿದು ಬತ್ತಿಗೆ ಉರಿ ಮುಟ್ಟಿಸಿದಳು. ದೀಪ ಹತ್ತಿಕೊಂಡಿತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎರಡು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಉರುಳಿದಂತಾಗಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಕಾರ್ಯದರ್ಶಿ ಮೈಕು ಹಿಡಿದ.

"ಈಗ ಸಾಹೇಬ್ರ ಭಾಷಣ, ಊಟ ಅದಾದ್ಮೇಲೆ. ಮಧ್ಯ ಯಾರೂ ಎದ್ದು ಹೋಗಬಾರದು ಅಂತ ಎರಡೂ ಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕಿಸಿದೀವಿ. ಎಲ್ರೂ ಆರಾಮಾಗಿ ಕೂತ್ಕೊಳ್ಳಿ."