ಮೇಲಿನ ಎರಡು ಸಾಲು

ದುಂಡೆಪ್ಪ ಕಾರ್ಖಾನೆಯಲ್ಲಿ ಸತ್ತು ವರ್ಷವಾಗಿತ್ತು. ಮರುದಿನ ಕೋರ್ಟಿನಲ್ಲಿ ಆ ಸಾವಿನ ಕೇಸಿನ ವಿಚಾರಣೆ. ಆಗಲೇ ಅವನ ತಮ್ಮ ಯಮನೂರಿಯ ಫೋನಿಗೆ ಕಾರ್ಮಿಕ ಸಂಘದ ಗುಂಪಿನಿಂದ ಇಮೇಲ್ ಬಂತು. ಬರೆದವನು ಫಕ್ಕೀರಪ್ಪ, ಅಣ್ಣನ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದವನು. ತೆರೆದ ಕೂಡಲೇ ಎರಡು ಸಾಲು ಕಂಡವು:

'ದುಂಡೆಪ್ಪ ಕುಡಿದು ಬಂದು ಕ್ರೇನಿನ ಕೆಳಗೆ ಹೋದ. ತಪ್ಪು ಅವನದೇ.'

ಯಮನೂರಿಯ ನೆತ್ತಿಗೆ ರಕ್ತ ಏರಿತು. ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಕಾರ್ಖಾನೆಯ ಗೇಟಿಗೆ ಓಡಿದವನು, ಕೆಲಸ ಮುಗಿಸಿ ಹೊರಬರುತ್ತಿದ್ದ ಫಕ್ಕೀರಪ್ಪನ ಅಂಗಿ ಹಿಡಿದು ಗೋಡೆಗೆ ಒತ್ತಿದ.

"ನಮ್ಮಣ್ಣ ಕುಡುಕ ಏನಲೇ?"

"ಏ ತಮ್ಮಾ, ಪೂರಾ ಓದಿಯೇನು?"

"ಎರಡ ಸಾಲು ಸಾಕು! ಅವನ ಡಬ್ಬ್ಯಾಗಿನ ರೊಟ್ಟಿ ತಿಂದಾವಲ್ಲೇನ ನೀ?"

"ಹೌದೋ, ತಿಂದೇನಿ. ಅದಕ್ಕ ನಾ..."

ಸ್ಪ್ಯಾನರ್ ದವಡೆಯ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿತು. ಇನ್ನೊಂದು ಏಟಿಗೆ ಹಲ್ಲುಗಳು ರಕ್ತದ ಜೊತೆ ಮಣ್ಣಿಗೆ ಉದುರಿದವು.

"ಈಗ ಮಾತಾಡಲೇ! ಬೊಗಳು!"

ಜೋತುಬಿದ್ದ ಬಾಯಿಂದ ಗೊರಗೊರ ಸದ್ದಷ್ಟೇ ಬಂತು. ಕುಸಿದು ಬಿದ್ದ ಫಕ್ಕೀರಪ್ಪ, ಹೊಡೆದಾಟದಲ್ಲಿ ಯಮನೂರಿಯ ಜೇಬಿನಿಂದ ಜಾರಿ ಅಲ್ಲೇ ಬಿದ್ದಿದ್ದ ಫೋನನ್ನು ಎಳೆದುಕೊಂಡು ರಕ್ತದ ಬೆರಳಿನಿಂದ ಇಮೇಲನ್ನು ಮೇಲಕ್ಕೆ ಸರಿಸಿದ. ಆ ಎರಡು ಸಾಲಿನ ಕೆಳಗೆ ಇನ್ನೂ ಬರಹವಿತ್ತು:

'ಮ್ಯಾನೇಜರ್ ಸಾಹೇಬರೇ, ನಿಮ್ಮ ಮಾತನ್ನು ಇದ್ದ ಹಾಗೆಯೇ ಮೇಲೆ ಇಟ್ಟು ಸಂಘದ ಗುಂಪಿಗೂ ಕಳಿಸಿದ್ದೇನೆ. ಅದು ಶುದ್ಧ ಸುಳ್ಳು. ಕಣ್ಣಾರೆ ಕಂಡವನು ನಾನೊಬ್ಬನೇ. ನಾಳೆ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳುತ್ತೇನೆ.'